ಹುಳದ ಡಬ್ಬಿಯ ವಾಸನೆ

ನನಗೆ ಬಾಯಿ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ನಮ್ಮ ಬೀದಿಯಲ್ಲಿ ನಲ್ಲಿ ನಿಂತರೆ ನೀರಿನ ಕಚೇರಿಗೆ ಹೋಗಿ ಕೂಗಾಡುವವಳು ನಾನು. ತಕ್ಕಡಿಗೆ ಹೆಬ್ಬೆರಳು ಒತ್ತುವ ತರಕಾರಿಯವನ ಕೈ ಹಿಡಿದು ನಿಲ್ಲಿಸುವವಳೂ ನಾನೇ. "ಅತ್ತಿಗೆ ನಿದ್ದೆಯಲ್ಲೂ ಯಾರನ್ನೋ ಬೈತಿರ್ತಾರೆ" ಅಂತ ನನ್ನ ನಾದಿನಿ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ಇಂಥ ನಾನು ಒಂದು ದಿನ, ಮಾತಾಡಲೇಬೇಕಾದ ಜಾಗದಲ್ಲಿ, ಬಾಯಿಗೆ ಬೀಗ ಜಡಿದುಕೊಂಡು ನಿಂತಿದ್ದೆ. ಅದನ್ನು ಹೇಳೋದಕ್ಕೇ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ನಮ್ಮನೆಯವರು ಎಂಥವರು ಅಂತ ಹೇಳಬೇಕು, ಇಲ್ಲದಿದ್ದರೆ ತಲೆಬುಡ ತಿಳಿಯೋದಿಲ್ಲ.

ನಮ್ಮನೆಯವರು ಬ್ರಷ್ ಕಾರ್ಖಾನೆಯಲ್ಲಿ ಮೂವತ್ತೊಂಬತ್ತು ವರ್ಷ ದುಡಿದವರು. ಗೋಡೆಗೆ ಬಣ್ಣ ಬಳಿಯುವ ಬ್ರಷ್ಷು, ಗಡ್ಡಕ್ಕೆ ಸೋಪು ಹಚ್ಚುವ ಬ್ರಷ್ಷು, ಬೂಟು ಉಜ್ಜುವ ಬ್ರಷ್ಷು, ಎಲ್ಲ ಅಲ್ಲಿ ಆಗುತ್ತಿತ್ತು. ಕೂದಲು ಮೂಟೆಗಟ್ಟಲೆ ಬರುತ್ತಿತ್ತು: ಕುದುರೆ ಬಾಲದ್ದು, ಆಡಿನದ್ದು, ಹಂದಿಯದ್ದು. ಮೂಟೆಯ ಬಾಯಿ ಬಿಚ್ಚಿದರೆ ಮೊದಲು ಇವರನ್ನು ಕರೆಯುತ್ತಿದ್ದರು. ಇವರು ಬಗ್ಗಿ ಒಂದು ಸಲ ಮೂಸಿ, "ಅಡಿಯಲ್ಲಿ ತೇವ ಇದೆ, ವಾಪಸ್ ಕಳಿಸಿ" ಅನ್ನೋರು. ಇಲ್ಲವಾದರೆ, "ಕುದುರೆ ಅಂತ ಬರೆದಿದ್ದಾರೆ, ಅರ್ಧ ಆಡು ಸೇರಿಸಿದ್ದಾರೆ." ತೆಗೆದು ನೋಡಿದರೆ ಹಾಗೇ ಇರುತ್ತಿತ್ತು. ಅಲ್ಲಿಂದಲೇ ಇವರಿಗೆ 'ಮೂಗು' ಅಂತ ಹೆಸರು ಬಿತ್ತು. ಎದುರಿಗೆ 'ಮೂಗಿನವರು', ಹಿಂದಿನಿಂದ ಬರೀ 'ಮೂಗು'. ನೋಡುವುದಕ್ಕೆ ಮೂಗು ಏನೂ ದೊಡ್ಡದಲ್ಲ, ಮದುವೆಯ ದಿನ ನಾನು ಸರಿಯಾಗಿ ಗಮನಿಸಿರಲೂ ಇಲ್ಲ.

ಹುಳ ಕಟ್ಟುವುದನ್ನು ಇವರು ಕಲಿತದ್ದೂ ಕಾರ್ಖಾನೆಯಲ್ಲೇ, ಹಳೇ ಮೇಸ್ತ್ರಿಯೊಬ್ಬರ ಹತ್ತಿರ, ಊಟದ ಬಿಡುವಿನಲ್ಲಿ. ಹುಳ ಕಟ್ಟೋದು ಅಂದರೆ ಮೀನು ಹಿಡಿಯುವ ಕೊಕ್ಕೆಗೆ ನೂಲು, ಗರಿ, ಕೂದಲು ಸುತ್ತಿ ಹುಳುವಿನ ಹಾಗೆ ಮಾಡೋದು. ಎರೆಹುಳ ಸಿಕ್ಕಿಸೋದಲ್ಲ, ಹಿಟ್ಟಿನ ಉಂಡೆ ಅಂಟಿಸೋದಲ್ಲ. ತಿನ್ನುವ ವಸ್ತು ಒಂದು ಚೂರೂ ಇರಬಾರದು, ಆದರೂ ಮೀನು ನಂಬಬೇಕು. ಅದರಲ್ಲೂ ಗೆಂಡೆ ಮೀನು ಇದೆಯಲ್ಲ, ಅದು ಸುಲಭಕ್ಕೆ ನಂಬೋದಿಲ್ಲ. ಮೇಲೆ ಹಾರಿ ಹಿಡಿಯುವ ಜಾತಿ ಅಲ್ಲ ಅದು. ಬೆನ್ನು ಬಗ್ಗಿಸಿ ಕಸ ಗುಡಿಸುವವರ ಹಾಗೆ ತಲೆ ಕೆಳಗೆ ಮಾಡಿಕೊಂಡು ಕೆಸರು ಕೆದಕುತ್ತಾ ಹೋಗುತ್ತದೆ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಸರಿ ಅನ್ನಿಸದಿದ್ದರೆ ತುಪುಕ್ ಅಂತ ಉಗಿಯುತ್ತದೆ. ಥೇಟ್ ನಮ್ಮತ್ತೆ ನನ್ನ ಅಡುಗೆ ರುಚಿ ನೋಡುತ್ತಿದ್ದ ಹಾಗೆ.

ಅದಕ್ಕೇ ಗೆಂಡೆಯ ಹುಳಕ್ಕೆ ಭಾರ ಬೇಕು, ಕೆಸರಿಗೆ ಇಳಿಯಬೇಕು, ಇಳಿದ ಮೇಲೆ ಕೊಕ್ಕೆಯ ಮೊನೆ ಮೇಲ್ಮುಖವಾಗಿ ಕೂರಬೇಕು. ಅದಕ್ಕೆ ಇವರು ಕೊಕ್ಕೆಯ ಬೆನ್ನಿಗೆ ಎರಡು ಲೋಹದ ಮಣಿ ಕಟ್ಟುತ್ತಿದ್ದರು, ಹುಳದ ಕಣ್ಣಿನ ಹಾಗೆ. ಆ ಮಣಿ ಎಲ್ಲಿಂದ ಬರುತ್ತಿತ್ತು ಅಂತೀರಿ? ಬಚ್ಚಲ ತೊಟ್ಟಿಯ ಬಿರಡೆಗೆ ಒಂದು ಮಣಿಸರ ಇರುತ್ತದಲ್ಲ, ಅದನ್ನು ಕತ್ತರಿಸಿ. ನಮ್ಮ ಮನೆಯಲ್ಲಿ ಬಿರಡೆಗೆ ಸರ ಅಂತ ಇದ್ದದ್ದೇ ಇಲ್ಲ. ನನ್ನ ಕಂದು ಬಣ್ಣದ ಸ್ವೆಟರಿನ ಎಡತೋಳು ವರ್ಷಕ್ಕೊಂದು ಗೇಣು ಗಿಡ್ಡವಾಗುತ್ತಾ ಬಂತು. ಕೇಳಿದರೆ, "ಈ ಬಣ್ಣ ಅಂಗಡಿಯಲ್ಲಿ ಸಿಗಲ್ಲ ಕಣೇ, ಕೆಸರು ಹುಳದ್ದೇ ಬಣ್ಣ" ಅನ್ನೋರು. ಹೆಂಡತಿಯ ಸ್ವೆಟರು ಕೆಸರಿನ ಬಣ್ಣ ಅಂತ ಯಾವ ಗಂಡ ಹೊಗಳುತ್ತಾನೆ ಹೇಳಿ.

ಆದರೂ ಇವರು ಕಟ್ಟುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. ಅಡುಗೆಮನೆಯ ಕಿಟಕಿ ಪಕ್ಕ ಮೇಜು. ಮೇಜಿನ ಅಂಚಿಗೆ ಬಿಗಿದ ಪುಟ್ಟ ವೈಸು, ಅಂದರೆ ತಿರುಪಿನ ಇಕ್ಕಳ, ಅದರ ಬಾಯಲ್ಲಿ ಕೊಕ್ಕೆ. ನೂಲಿಗೆ ಮೇಣ ಉಜ್ಜಿ, ಎಡಗೈ ಬೆರಳಲ್ಲಿ ಗರಿ ಹಿಡಿದು, ಬಲಗೈಯಲ್ಲಿ ಸುತ್ತು ಸುತ್ತು ಸುತ್ತು. ಕೊನೆಗಂಟು ಹಾಕುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಆಗ ಮಾತ್ರ ನಾನೂ ಮಾತು ನಿಲ್ಲಿಸುತ್ತಿದ್ದೆ.

ಗರಿಗಳಿಗೆ ಒಂದು ತಗಡಿನ ಪೆಟ್ಟಿಗೆ. ಹುಳು ಹಿಡಿಯಬಾರದು ಅಂತ ಅದರಲ್ಲಿ ನುಸಿಗುಳಿಗೆ ಹಾಕಿಡುತ್ತಿದ್ದರು, ಬಟ್ಟೆ ಬೀರುವಿಗೆ ಹಾಕುವ ಅದೇ ಬಿಳೀ ಗುಳಿಗೆ. ಆ ನಾತ ಇದ್ದರೆ ಗೆಂಡೆ ಬಾಯಿಗೆ ಹಾಕಿದ ತಕ್ಷಣ ಉಗಿಯುತ್ತದೆ. ಆದ್ದರಿಂದ ಕಟ್ಟುವ ಮೊದಲು ಗರಿಯನ್ನು ಬಿಸಿಲಿಗೆ ಹರಡಿ, ಗಂಟೆಗೊಮ್ಮೆ ಮೂಸಿ ನೋಡೋರು. "ಇನ್ನೂ ಇದೆ." ಮತ್ತೆ ಬಿಸಿಲಿಗೆ. "ಇನ್ನೂ ಒಂಚೂರು ಇದೆ." ನನಗಂತೂ ಒಂದು ಚೂರೂ ಬರುತ್ತಿರಲಿಲ್ಲ. ಎರಡು ದಿನ ಒಣಗಿದ ಮೇಲೆ "ಹೋಯ್ತು" ಅಂದರೆ ಹೋಯಿತು ಅಂತಲೇ ಅರ್ಥ.

ಊರಾಚೆ ಕೆರೆಯಲ್ಲಿ ಇವರದೊಂದು ಗಾಳದವರ ಸಂಘ. ವರ್ಷಕ್ಕೊಂದು ಸ್ಪರ್ಧೆ. ಮೀನು ಹಿಡಿಯುವುದು, ತೂಗುವುದು, ಮತ್ತೆ ನೀರಿಗೆ ಬಿಡುವುದು. ಕೈಯಲ್ಲಿ ಕಟ್ಟಿದ ಹುಳ ಮಾತ್ರ, ಅದಕ್ಕೆ ತಿಂಡಿಯ ವಾಸನೆ ಸೋಕಿರಬಾರದು, ಅದೇ ಸಂಘದ ದೊಡ್ಡ ನೇಮ. ಸೀಟಿ ಊದುವ ಮೊದಲು ಎಲ್ಲರೂ ತಂತಮ್ಮ ಹುಳದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕು. ನಮ್ಮನೆಯವರು ಒಂದೊಂದಾಗಿ ತೆರೆದು ಮೂಸುವರು. ಎರಡು ಡಬ್ಬಿಯ ನಡುವೆ ಒದ್ದೆ ಟವೆಲಿನಿಂದ ಮೂಗು ಒರೆಸಿಕೊಳ್ಳುವರು, ಹಿಂದಿನ ವಾಸನೆ ಮುಂದಿನದಕ್ಕೆ ಅಂಟಬಾರದು ಅಂತ. ಆ ಟವೆಲ್ ಹಿಡಿಯುವ ಕೆಲಸ ನನ್ನದು. ಅವರ ಡಬ್ಬಿಯನ್ನು ಅವರೇ ಮೂಸುವ ಹಾಗಿಲ್ಲ, ಗಾಳ ಹಿಡಿಯದ ಯಾರಾದರೂ ಒಬ್ಬರು ಮೂಸಬೇಕು. ಅದಾದ ಮೇಲೆ ನನಗೆ ಕಾರ್ಯದರ್ಶಿಗಳ ಹೆಂಡತಿಯ ಪಕ್ಕದಲ್ಲಿ, ಕೊಡೆಯ ನೆರಳಲ್ಲಿ, ಬೆನ್ನಿಗೆ ಮೆತ್ತೆ ಇರುವ ಕುರ್ಚಿ. ಮಿಕ್ಕ ಹೆಂಗಸರಿಗೆ ಹುಲ್ಲು. ಆ ಕುರ್ಚಿ ನನಗೆ ಎಷ್ಟು ಇಷ್ಟ ಅಂತ ಈಗ ಹೇಳುವುದಕ್ಕೂ ನಾಚಿಕೆ.

ಸಂಘದಲ್ಲಿ ಒಬ್ಬ ಬೇಕರಿಯವನಿದ್ದ. ನಮ್ಮ ಬೀದಿ ಕೊನೆಯ ಬೇಕರಿ, ಮೇಲಿನ ಮಹಡಿಯಲ್ಲೇ ಮನೆ. ನನ್ನನ್ನು 'ಅಕ್ಕ' ಅನ್ನುತ್ತಿದ್ದ, ಹಾಗಾಗಿ ಇವರು ತಾನಾಗಿ 'ಭಾವ' ಆದರು. ಅವನಿಗೆ ಹುಳ ಕಟ್ಟಲು ಕಲಿಸಿದವರು ನಮ್ಮನೆಯವರೇ. ಮಧ್ಯಾಹ್ನ ಒಲೆ ಆರಿದ ಹೊತ್ತಿಗೆ ನಮ್ಮ ಮನೆಗೆ ಬಂದು ಆ ಮೇಜಿನ ಮುಂದೆ ಕೂರುತ್ತಿದ್ದ. ಹಿಟ್ಟು ನಾದಿ ನಾದಿ ದಪ್ಪಗಾದ ಬೆರಳು, ಗರಿ ಹಿಡಿದರೆ ಗರಿಯೇ ಕಾಣದು. "ಭಾವಾ, ಇದು ಹುಳವೋ ಪೊರಕೆಯೋ" ಅಂತ ತಾನೇ ನಗುತ್ತಿದ್ದ. ಅವನು ಕಲಿತದ್ದು ತನಗಾಗಿ ಅಲ್ಲ, ಅಪ್ಪನಿಗಾಗಿ. ಮುದುಕರಿಗೆ ಕಣ್ಣು ಹೋಗಿತ್ತು. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಭಾನುವಾರ ಭಾನುವಾರ ಮಗ ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕೆರೆಗೆ ತರುತ್ತಿದ್ದ. ಮೂರು ಕಾಲಿನ ಸ್ಟೂಲಿನ ಮೇಲೆ ಕೂರಿಸಿ, ದಾರ ಬೀಸಿ, ಬೀಸಿದ ದಾರವನ್ನು ಅಪ್ಪನ ತೋರುಬೆರಳಿಗೆ ಕೊಡುತ್ತಿದ್ದ. ಮೀನು ಮುಟ್ಟಿದರೆ ಮುದುಕರ ಮುಖ ಅರಳುತ್ತಿತ್ತು. ಆ ಮುಖವನ್ನು ಕೆರೆಗೆ ಬಂದವರೆಲ್ಲ ನೋಡಿದ್ದೇವೆ.

ಇನ್ನು ಇವರ ಮೂಗಿನ ಸಂಗತಿ. ಕಾರ್ಖಾನೆಯಿಂದ ನಿವೃತ್ತಿಯಾದ ವರ್ಷ ಇವರಿಗೆ ಕೆಟ್ಟ ಜ್ವರ ಬಂತು. ಹನ್ನೆರಡು ದಿನ ಮಲಗಿ ಎದ್ದರು. ಎದ್ದ ಮೇಲೆ ಎಲ್ಲ ಸರಿ ಇದ್ದ ಹಾಗೇ ಇತ್ತು. ಒಂದು ಬೆಳಿಗ್ಗೆ ನಾನು ಒಲೆ ಮೇಲೆ ಹಾಲಿಟ್ಟು, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತೆ. ನಾನು ಮಾತಿಗೆ ನಿಂತರೆ ಗೊತ್ತಲ್ಲ. ಸೀದ ವಾಸನೆ ಹಿತ್ತಲವರೆಗೂ ಬಂತು. ಓಡಿ ಬಂದರೆ ಪಾತ್ರೆ ತಳ ಕಪ್ಪಗಾಗಿ ಹೊಗೆ ಏಳುತ್ತಿದೆ, ಇವರು ಎರಡು ಮೊಳ ದೂರದಲ್ಲಿ, ಒಲೆಗೆ ಬೆನ್ನು ಹಾಕಿ ಹುಳ ಕಟ್ಟುತ್ತಾ ಕೂತಿದ್ದಾರೆ.

"ರೀ, ಹಾಲು ಸೀದು ಹೋಗ್ತಿದೆ, ಗೊತ್ತಾಗಲಿಲ್ವಾ?" ಅಂದೆ.

ಇವರು ತಿರುಗಿ ಹೊಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಕೆಲಸದಲ್ಲಿದ್ದೆ, ಗಮನ ಇರಲಿಲ್ಲ" ಅಂದರು.

ಮೂಟೆಯ ತಳದ ತೇವವನ್ನು ಮೂಸಿ ಹೇಳುತ್ತಿದ್ದವರಿಗೆ ಸೀದ ಹಾಲು ಗೊತ್ತಾಗಲಿಲ್ಲ. ಆವತ್ತಿಂದ ನಾನು ಗಮನಿಸಿದೆ. ಹೊಸ ಸೋಪಿಗೆ ಮಾತಿಲ್ಲ, ಕೊಳೆತ ಮೊಟ್ಟೆಗೆ ಮಾತಿಲ್ಲ. ಗರಿಯನ್ನು ಬಿಸಿಲಿಗೆ ಹರಡಿ, ಗಂಟೆಗೊಮ್ಮೆ ಹೋಗಿ ಮೂಸುವುದು ಮಾತ್ರ ಬಿಡಲಿಲ್ಲ. ಒಂದು ದಿನವೂ ಕಳೆಯುವ ಮೊದಲೇ "ಹೋಯ್ತು" ಅನ್ನೋರು. ನನ್ನ ಮೂಗಿಗೇ ನುಸಿಗುಳಿಗೆ ಬಡಿಯುತ್ತಿರುತ್ತಿತ್ತು. ನಾನು ಹೇಳಲಿಲ್ಲ. ಹೆಸರೇ 'ಮೂಗು' ಅಂತ ಇಟ್ಟುಕೊಂಡ ಮನುಷ್ಯನಿಗೆ ನಿಮಗೆ ಮೂಗಿಲ್ಲ ಅಂತ ಹೇಗೆ ಹೇಳಲಿ? ಬಾಯಿ ಬಿಟ್ಟರೆ ಬಣ್ಣಗೇಡು, ಅವರೇ ಹೇಳಲಿ ಅಂತ ಕಾದೆ. ಅವರೂ ಹೇಳಲಿಲ್ಲ.

ಹಾಲು ಸೀದ ಮುಂದಿನ ತಿಂಗಳೇ ಸ್ಪರ್ಧೆ.

ಇವರು ಹಿಂದೆ ಸರಿಯುತ್ತಾರೆ, ಈ ಸಲ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ತೊಟ್ಟು ಹೊರಟರು. ನಾನು ಟವೆಲ್ ಒದ್ದೆ ಮಾಡಿಕೊಂಡು ಹಿಂದೆ ಹೋದೆ. ಮೇಜಿನ ಮೇಲೆ ಇಪ್ಪತ್ತಮೂರು ಡಬ್ಬಿ. ಇವರು ತೆರೆಯುವುದು, ಮೂಸುವುದು, ತಲೆಯಾಡಿಸುವುದು, ಟವೆಲ್ ಕೇಳುವುದು. ಅದ್ಭುತವಾಗಿ ಮಾಡಿದರು. ಹದಿನೈದಾಯಿತು, ಹದಿನಾರಾಯಿತು. ಹಿಂದೆ ಯಾರೋ ತಮಾಷೆಗೆ, "ಏನಿದು, ಈ ವರ್ಷ ಮೂಗಿಗೆ ಒಬ್ಬನೂ ಬಿದ್ದಿಲ್ಲ" ಅಂದ. ಪ್ರತಿ ವರ್ಷ ಒಬ್ಬರಾದರೂ ಸಿಕ್ಕಿಬೀಳುತ್ತಿದ್ದರು, ಅದು ನಿಜ. ಇವರ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಮುಂದಿನ ಡಬ್ಬಿ ಬೇಕರಿಯವನದು.

ಇವರು ಅದನ್ನು ತೆರೆದರು, ಮೂಗಿಗೆ ಹಿಡಿದರು, ಒಂದು ಕ್ಷಣ ಹೆಚ್ಚಿಗೇ ಹಿಡಿದರು. ಮುಚ್ಚಿ ಪಕ್ಕಕ್ಕಿಟ್ಟು, "ಇದರಲ್ಲಿ ಬ್ರೆಡ್ಡಿನ ವಾಸನೆ ಇದೆ" ಅಂದರು.

ನಾನು ಒಂದು ಮೊಳ ದೂರದಲ್ಲಿದ್ದೆ. ಡಬ್ಬಿ ತೆರೆದಾಗ ನನ್ನ ಮೂಗಿಗೂ ಬಂತು. ಬ್ರೆಡ್ಡಲ್ಲ. ನುಸಿಗುಳಿಗೆ. ಕಣ್ಣಲ್ಲಿ ನೀರು ಬರುವಷ್ಟು ನುಸಿಗುಳಿಗೆ. ನಮ್ಮ ಮನೆಯ ಪೆಟ್ಟಿಗೆಯ ಗರಿ ಅದು, ಹಿಂದಿನ ವಾರ ಇವರೇ "ಒಣಗಿದೆ, ತಗೋ" ಅಂತ ಕೊಟ್ಟದ್ದು, ನಮ್ಮ ಮೇಜಿನ ಮೇಲೇ ಕಟ್ಟಿದ್ದು.

ಬೇಕರಿಯವನು ಮೊದಲು ನಕ್ಕ, ತಮಾಷೆ ಅಂದುಕೊಂಡು. ಆಮೇಲೆ ಮುಂದೆ ಬಂದ. "ಭಾವಾ, ಇನ್ನೊಂದು ಸಲ ನೋಡಿ. ಬೇರೆ ಯಾರಾದ್ರೂ ಮೂಸಲಿ" ಅಂದ. ಕಾರ್ಯದರ್ಶಿಗಳು ಮಧ್ಯೆ ಬಂದು, "ಮೂಗಿನವರು ಹೇಳಿದ ಮೇಲೆ ಇನ್ನೊಬ್ಬರು ಯಾಕಪ್ಪಾ" ಅಂದರು. ಅವನು ಸುತ್ತ ನೋಡಿದ. ಸ್ಟೂಲಿನ ಮೇಲೆ ಅವನಪ್ಪ ಯಾವ ಕಡೆ ತಿರುಗಬೇಕು ಅಂತ ತಿಳಿಯದೆ ಕತ್ತು ಆಡಿಸುತ್ತಿದ್ದರು. ಅವನು ಕೊನೆಗೆ ನನ್ನ ಕಡೆ ತಿರುಗಿದ.

"ಅಕ್ಕಾ, ನೀವು ಹತ್ತಿರ ಇದ್ರಿ. ಬ್ರೆಡ್ಡಿನ ವಾಸನೆ ಬಂತಾ ನಿಮಗೆ?"

ನಾನು ಟವೆಲ್ ಹಿಂಡಿದೆ. ನೀರು ನನ್ನ ಕಾಲ ಮೇಲೇ ಬಿತ್ತು. ಇಷ್ಟು ವರ್ಷ ಬೇಡದ್ದಕ್ಕೆಲ್ಲ ಬಾಯಿ ಹಾಕಿದವಳು, ಅವತ್ತು ಕಾಲ ಮೇಲೆ ಬಿದ್ದ ನೀರು ನೋಡುತ್ತಾ ನಿಂತೆ. ಹೇಳಿದ್ದರೆ ಇವರ ಮಾನ ಎಲ್ಲರೆದುರು ಹರಾಜಾಗುತ್ತಿತ್ತು ಅಂತ ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳಲ್ಲ. ಆದರೆ ಕೊಡೆಯ ಕೆಳಗಿನ ಕುರ್ಚಿಯೂ ನನ್ನ ಕಣ್ಣ ಮುಂದೆ ಬಂದು ಹೋಗಿತ್ತು. ಅದೂ ಸುಳ್ಳಲ್ಲ.

ಅವನು ಡಬ್ಬಿ ಜೇಬಿಗೆ ಹಾಕಿಕೊಂಡು, ಅಪ್ಪನನ್ನು ಸೈಕಲ್ಲಿಗೆ ಹತ್ತಿಸಿಕೊಂಡು ಹೋದ. ಮೋಸದ ಹುಳ ತಂದವನಿಗೆ ಮತ್ತೆ ಕೆರೆಗೆ ಪ್ರವೇಶ ಇಲ್ಲ, ಅದೂ ಸಂಘದ ನೇಮವೇ.

ಮಾರನೇ ದಿನ ಬ್ರೆಡ್ ತರಲು ಹೋದೆ. ಬೇರೆ ಬೇಕರಿಗೆ ಹೋಗಬಹುದಿತ್ತು. ಹೋದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಅಂತ ಅಲ್ಲಿಗೇ ಹೋದೆ. ಅವನು ಎಂದಿನಂತೆ ಕಾಗದ ಸುತ್ತಿ ಕೊಟ್ಟ. "ಸಾರ್ ಚೆನ್ನಾಗಿದ್ದಾರಾ ಅಕ್ಕಾ?" ಅಂದ. ಭಾವ ಹೋಗಿ ಸಾರ್ ಆಗಿದ್ದರು. ಹೀಗೆ ನಾಲ್ಕು ವರ್ಷ. ಬೆಳಿಗ್ಗೆ ಬೆಳಿಗ್ಗೆ ಆ ಬೇಕರಿಯ ಮುಂದೆ ನಿಂತು ತರಕಾರಿಯವನನ್ನು ಬೈದೆ, ನೀರಿನ ಕಚೇರಿಯನ್ನು ಬೈದೆ, ನನ್ನ ನಾದಿನಿಯನ್ನು ಬೈದೆ. ಹೇಳಬೇಕಾದ್ದೊಂದು ಬಿಟ್ಟು ಎಲ್ಲ ಹೇಳಿದೆ. ಮೂರನೇ ವರ್ಷ ಬೇಕರಿ ಮೂರು ದಿನ ಬಾಗಿಲು ಹಾಕಿತ್ತು. ಅವನಪ್ಪ ತೀರಿಕೊಂಡಿದ್ದರು. ನಾವಿಬ್ಬರೂ ಹೋಗಿ ಬಂದೆವು. ಇವರು ಆ ಮನೆಯ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಂಡರು.

ಇತ್ತ ಇವರಿಗೆ ಮೀನು ಬೀಳುವುದೇ ನಿಂತಿತ್ತು. ಹೇಗೆ ಬೀಳಬೇಕು? ಗರಿಯಲ್ಲೆಲ್ಲ ನುಸಿಗುಳಿಗೆಯ ನಾತ. ಗೆಂಡೆ ಬಾಯಿಗೆ ಹಾಕುವುದು, ಉಗಿಯುವುದು. ಇವರು ಮಣಿ ಬದಲಾಯಿಸಿದರು, ನೂಲಿನ ಬಣ್ಣ ಬದಲಾಯಿಸಿದರು, ನನ್ನ ಸ್ವೆಟರಿನ ಬಲತೋಳಿಗೂ ಕೈ ಹಾಕಿದರು. ಮೊದಮೊದಲು ಹಳೇ ಹುಳಕ್ಕೆ ಒಂದೆರಡು ಬಿದ್ದವು, ಕೊನೆಯ ಎರಡು ವರ್ಷ ಒಂದು ಮೀನೂ ಇಲ್ಲ. "ಕೈ ಹೋಯ್ತು ಕಣೇ ನಂದು" ಅಂದರು ಒಂದು ದಿನ. ವೈಸಿನ ಮುಂದೆ ಕೂತು ಬರೀ ಕೊಕ್ಕೆ ನೋಡುತ್ತಿರುತ್ತಿದ್ದರು. ಊಟ ಕಡಿಮೆಯಾಯಿತು. ನನ್ನ ಬೈಗುಳಕ್ಕೂ ತಿರುಗಿ ಮಾತಾಡುತ್ತಿರಲಿಲ್ಲ. ಕೈಯಲ್ಲ ರೀ, ನಾತ ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಎಳೆ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅದಕ್ಕೆ ಈ ವರ್ಷ ಸ್ಪರ್ಧೆಯ ಹಿಂದಿನ ಮಧ್ಯಾಹ್ನ, ಇವರು ಕ್ಷೌರಕ್ಕೆ ಹೋದಾಗ, ಒಂದು ಹಿಡಿ ಸೋಂಪು ಕುದಿಸಿದೆ. ಸೋಂಪು ಅಂದರೆ ಗೆಂಡೆಗೆ ಪ್ರಾಣ ಅಂತ ಹಳೇ ಗಾಳದವರೆಲ್ಲ ಹೇಳುತ್ತಾರೆ. ಆ ಕಷಾಯವನ್ನು ಇವರದೇ ಕಾರ್ಖಾನೆಯ ಪುಟ್ಟ ಬ್ರಷ್ಷಿನಲ್ಲಿ ಅದ್ದಿ ಹನ್ನೆರಡೂ ಹುಳಕ್ಕೆ ಸವರಿ, ಒಣಗಿಸಿ, ಮತ್ತೆ ಡಬ್ಬಿಗೆ ಜೋಡಿಸಿದೆ. ನುಸಿಗುಳಿಗೆಯ ನಾತ ಮುಚ್ಚಿಹೋಯಿತು. ಇವರಿಗೆ ಗೊತ್ತಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಇವರ ಕುಂದನ್ನೇ ನಾನು ಉಪಯೋಗಿಸಿಕೊಂಡೆ. ಇವರ ಡಬ್ಬಿ ಮೂಸುವವರು ಕಾರ್ಯದರ್ಶಿಗಳ ಅತ್ತೆ, ತೊಂಬತ್ತರ ಹತ್ತಿರದ ಮುದುಕಿ. ಆಕೆಗೆ ಸೋಂಪೂ ಒಂದೇ, ಸೀಮೆಎಣ್ಣೆಯೂ ಒಂದೇ.

ಬೆಳಿಗ್ಗೆ ಹೋದರೆ ಆ ಮುದುಕಿ ಬಂದಿಲ್ಲ. ಮೊಣಕಾಲು ನೋವಂತೆ. ಗಾಳ ಹಿಡಿಯದವರು ಯಾರಿದ್ದಾರೆ ಅಂತ ಕಾರ್ಯದರ್ಶಿಗಳು ಸುತ್ತ ನೋಡಿದರು. ಬೇಲಿಯ ಹೊರಗೆ ಬೇಕರಿಯವನು ಬನ್ನಿನ ತಟ್ಟೆ ಇಳಿಸುತ್ತಿದ್ದ, ಸಂಘದವರು ತಿಂಡಿಗೆ ಅವನಿಗೇ ಹೇಳಿದ್ದರು. ಯಾರೋ ಕಿಲಾಡಿ, "ಅವನನ್ನೇ ಕರೀರಿ, ಗಾಳ ಹಿಡಿಯೋ ಹಾಗಿಲ್ಲವಲ್ಲ" ಅಂದ. ನಾಲ್ಕು ಜನ ನಕ್ಕರು. ಅವನು ಕೈ ಒರೆಸಿಕೊಂಡು ಒಳಗೆ ಬಂದ.

ದಿನಾ ಬೆಳಿಗ್ಗೆ ಸೋಂಪಿನ ಬನ್ನು ಬೇಯಿಸುವವನ ಮೂಗು ಅದು. ಅವನು ಡಬ್ಬಿ ತೆರೆದ, ಬಗ್ಗಿದ. ಬಗ್ಗಿದವನು ಹಾಗೇ ನಿಂತ. ತಲೆ ಎತ್ತಿ ಇವರ ಮುಖ ನೋಡಿದ. ಇವರು ನಿಶ್ಚಿಂತೆಯಿಂದ, ತಪ್ಪು ಮಾಡದವರ ಮುಖದಲ್ಲಿ, ಗಾಳದ ಕೋಲು ಹಿಡಿದು ನಿಂತಿದ್ದರು. ಆಮೇಲೆ ಅವನು ನನ್ನನ್ನು ನೋಡಿದ. ನಾನು ಟವೆಲ್ ನೋಡಿದೆ.

"ಏನೂ ಇಲ್ಲ ಸಾರ್. ಗರಿ ವಾಸನೆ ಅಷ್ಟೇ" ಅಂತ ಮುಚ್ಚಿಕೊಟ್ಟ.

ಅವತ್ತು ಇವರಿಗೆ ಒಂಬತ್ತೂವರೆ ಕಿಲೋ ಗೆಂಡೆ ಬಿತ್ತು. ಸಂಘದಲ್ಲೇ ಅಷ್ಟು ದೊಡ್ಡದು ಬಿದ್ದಿರಲಿಲ್ಲ. ಇವರು ಮೊಣಕಾಲುದ್ದ ನೀರಲ್ಲಿ ನಿಂತು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಿಡುವಾಗ ಅಳುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯಲ್ಲಿ ಕೂತಿದ್ದೆ, ಬೆನ್ನಿಗೆ ಮೆತ್ತೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಸಂಜೆ ಮನೆಯಲ್ಲಿ ಗೆದ್ದ ಕಪ್ಪನ್ನು ವೈಸಿನ ಪಕ್ಕ ಇಟ್ಟುಕೊಂಡು, ಎಷ್ಟೋ ತಿಂಗಳ ಮೇಲೆ ಶಿಳ್ಳೆ ಹಾಕುತ್ತಾ ಹುಳ ಕಟ್ಟಲು ಕೂತರು. "ಕೈ ಹೋಗಿಲ್ಲ ಕಣೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬೇಕರಿಯವನು ಒಳ್ಳೇವನು. ನನ್ನ ಮೇಲೆ ಸೇಡು ತೀರಿಸ್ಕೋಬಹುದಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದ" ಅಂದರು.

ಇದ್ದದ್ದು ಇದ್ದ ಹಾಗೆ. ಆ ಮಾತು ನನಗೆ ತಡೆಯಲಾಗಲಿಲ್ಲ. "ಅವನು ಇದ್ದದ್ದು ಹೇಳ್ಲಿಲ್ಲ ರೀ. ನಿಮ್ಮ ಹುಳಕ್ಕೆ ನಾನು ಸೋಂಪು ಸವರಿದ್ದೆ" ಅಂದೆ.

ನೂಲು ಅವರ ಕೈಯಿಂದ ಜಾರಿ, ಅರ್ಧ ಕಟ್ಟಿದ ಹುಳ ವೈಸಿನಲ್ಲೇ ಬಿಚ್ಚಿಕೊಂಡಿತು.

"ನನಗೆ ವಾಸನೆ ಬರಲ್ಲ ಅಂತ ಯಾವಾಗ ಗೊತ್ತಾಯ್ತು ನಿನಗೆ?"

ಹಾಲು ಸೀದ ದಿನ ಅನ್ನಬೇಕಿತ್ತು. "ಇತ್ತೀಚೆಗೆ" ಅಂದೆ. ಅರ್ಧ ತಪ್ಪು ಒಪ್ಪಿಕೊಂಡು ಇನ್ನರ್ಧ ಸೆರಗಿನಲ್ಲಿ ಕಟ್ಟಿಕೊಂಡೆ.

ಅವರು ಬಿಚ್ಚಿಕೊಂಡ ನೂಲನ್ನು ರೀಲಿಗೆ ಸುತ್ತಿದರು. ಆಮೇಲೆ ನಿಧಾನವಾಗಿ, ವೈಸಿನ ಕಡೆಗೇ ನೋಡುತ್ತಾ ಹೇಳಿದರು. "ಅವತ್ತು ಅವನ ಡಬ್ಬಿಯ ಮುಚ್ಚಳದ ಮೇಲೆ ಹಿಟ್ಟು ಅಂಟಿತ್ತು. ಹಿಟ್ಟು ಕಣ್ಣಿಗೆ ಕಾಣಿಸ್ತು. ವಾಸನೆ ಬಂತು ಅಂದ್ಬಿಟ್ಟೆ. ಯಾರೂ ಸಿಕ್ಕಿಲ್ಲ ಅಂತ ಹಿಂದೆ ನಗ್ತಿದ್ರು. ನನಗೆ ಜೀವ ಬಾಯಿಗೆ ಬಂದಿತ್ತು."

ನಾನು ಮೇಜಿನ ಮೇಲೆ ಉದುರಿದ ಗರಿ ಹೆಕ್ಕಿದೆ.

"ನಿನಗಾದ್ರೂ ಆಗಲೇ ಗೊತ್ತಾಗಿದ್ರೆ ಚೆನ್ನಾಗಿತ್ತು" ಅಂದರು. "ನಿನ್ನ ಬಾಯಿ ನನಗೆ ಗೊತ್ತಿಲ್ವಾ. ನೀನು ಅಲ್ಲೇ ಕೂಗಿ ನನ್ನನ್ನ ನಿಲ್ಲಿಸ್ಬಿಡ್ತಿದ್ದೆ. ನಾನೂ ಉಳೀತಿದ್ದೆ."

ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟ ಮನುಷ್ಯನ ಎದುರಿಗೆ ನಾನು ಕಪ್ಪಿನ ಮೇಲಿನ ಧೂಳು ಒರೆಸುತ್ತಾ ನಿಂತೆ. ಹೊಸ ಕಪ್ಪು ಅದು, ಧೂಳೂ ಇರಲಿಲ್ಲ.

ಬೆಳಗಾಗುತ್ತಲೇ ಕಪ್ಪು ಎತ್ತಿಕೊಂಡು ಕಾರ್ಯದರ್ಶಿಗಳ ಮನೆಗೆ ಹೋದರು, ನನ್ನನ್ನೂ ಕರೆದುಕೊಂಡು. ಎಲ್ಲ ಹೇಳಿದರು. ಸೋಂಪಿನ ವಿಷಯ ಬಂದಾಗ, "ಅದಕ್ಕೂ ನಾನೇ ಹೊಣೆ, ನನ್ನ ಡಬ್ಬಿ ಅದು" ಅಂದರು. ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡು, "ಮೂಗು ಹೋದ್ರೂ ನಿಮ್ಮ ನಿಯತ್ತು ಹೋಗಿಲ್ಲ ಬಿಡಿ" ಅಂದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಇಂಥ ಗಂಡನನ್ನು ಪಡೆಯೋಕೆ ಪುಣ್ಯ ಮಾಡಿದ್ದೀರಿ ಅಂದಳು. ನಾನು ತಲೆ ತಗ್ಗಿಸಿದೆ. ಅವಳು ಅದನ್ನು ವಿನಯ ಅಂದುಕೊಂಡಳು.

ಅಲ್ಲಿಂದ ನೇರ ಬೇಕರಿಗೆ. ಬೆಳಗಿನ ಹೊತ್ತು, ಏಳೆಂಟು ಜನ ನಿಂತಿದ್ದರು. ಇವರು ಸಾಲಿನಲ್ಲೇ ನಿಂತು, ಸರದಿ ಬಂದಾಗ ಹುಳದ ಡಬ್ಬಿಯನ್ನು ಗಾಜಿನ ಕಪಾಟಿನ ಮೇಲಿಟ್ಟರು.

"ನಾಲ್ಕು ವರ್ಷದ ಹಿಂದೆ ನಿನ್ನ ಡಬ್ಬಿಯಲ್ಲಿ ಬ್ರೆಡ್ಡಿನ ವಾಸನೆ ಇರಲಿಲ್ಲ" ಅಂದರು, ಹಿಂದಿನವರಿಗೂ ಕೇಳುವ ಹಾಗೆ. "ನನಗೆ ಮೂಗೇ ಇರಲಿಲ್ಲ. ಸುಳ್ಳು ಹೇಳಿದೆ. ಇದನ್ನ ಸಂಘಕ್ಕೆ ಹೇಳಿ ಬಂದಿದ್ದೀನಿ. ನೀನು ಮತ್ತೆ ಕೆರೆಗೆ ಬರಬೇಕು."

ಅವನು ಬ್ರೆಡ್ ಕತ್ತರಿಸುತ್ತಿದ್ದ ಚಾಕು ಕೆಳಗಿಟ್ಟ. ಸಿಟ್ಟು ಮಾಡುತ್ತಾನೆ ಅಂದುಕೊಂಡೆ. ಮಾಡಿದ್ದರೆ ಚೆನ್ನಾಗಿತ್ತು.

"ಏನು ಮಾಡಲಿ ಬಂದು, ಭಾವ" ಅಂದ. ನಾಲ್ಕು ವರ್ಷದ ಮೇಲೆ ಆ ಮಾತು. "ಅಪ್ಪನಿಗೋಸ್ಕರ ಬರ್ತಿದ್ದೆ. ಅವತ್ತು ಆದದ್ದು ಅವರಿಗೆ ಸರಿಯಾಗಿ ತಿಳೀಲಿಲ್ಲ. ಮಗ ಮೋಸ ಮಾಡಿದ ಅಂತ ಹೊರಗೆ ಹಾಕಿದ್ರು ಅಂತ ನಾನು ಹೇಗೆ ಹೇಳಲಿ? ಕೆರೆ ಬತ್ತಿಹೋಯ್ತು ಅಂದೆ. ಪ್ರತಿ ಭಾನುವಾರ ಕೇಳೋರು, ನೀರು ಬಂತಾ ಅಂತ. ಇಲ್ಲಪ್ಪಾ, ಇನ್ನೂ ಇಲ್ಲ ಅಂತಿದ್ದೆ. ಕೊನೇ ವಾರದಲ್ಲೂ ಕೇಳಿದ್ರು."

ಇವರು ತಿರುಗಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೈ ಮುಖದ ಮೇಲಿತ್ತು.

ನಾನು ಉಳಿದೆ. ಅವನು ನನ್ನ ಎಂದಿನ ಬ್ರೆಡ್ಡನ್ನು ಕಾಗದಕ್ಕಿಟ್ಟು ಮಡಚಿದ, ದಾರ ಸುತ್ತಿದ. ಗಂಟು ಹಾಕುವುದನ್ನು ನೋಡಿದೆ. ನಮ್ಮನೆಯವರು ಕಲಿಸಿದ ಗಂಟು, ಹುಳಕ್ಕೆ ಕೊನೆಯಲ್ಲಿ ಹಾಕುವುದು. ಪೊಟ್ಟಣ ನನ್ನ ಕೈಗೆ ಕೊಡುತ್ತಾ, ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದ.

"ಅಕ್ಕಾ, ಅವತ್ತು ನಿಮಗೂ ಮೂಗು ಕಟ್ಟಿತ್ತಾ?"

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ನನಗಾಗಿ ಒಂದು ಬಾಗಿಲು ತೆರೆದು ಹಿಡಿದಿದ್ದ, ನಾನು ತಪ್ಪಿಸಿಕೊಂಡು ಹೋಗಲಿ ಅಂತ. ಇಲ್ಲ ಕಣಪ್ಪಾ, ನನಗೆ ನುಸಿಗುಳಿಗೆ ವಾಸನೆ ಬಂದಿತ್ತು, ಅದು ನಮ್ಮ ಮನೆಯದೇ, ನಾನು ಬಾಯಿ ಬಿಡಲಿಲ್ಲ. ಇಷ್ಟೇ ಹೇಳಬೇಕಿತ್ತು. ನಾಲ್ಕು ವರ್ಷ ಬಾಯಿಪಾಠ ಮಾಡಿಕೊಂಡ ಮಾತು.

"ಹೂಂ ಕಣಪ್ಪಾ" ಅಂದೆ. "ಶೀತ ಆಗಿತ್ತು."

"ಹಾಗೇ ಅಂದ್ಕೊಂಡಿದ್ದೆ" ಅಂದ. ಮುಂದಿನವರಿಗೆ ಏನು ಬೇಕು ಅಂತ ಕೇಳಿದ.

ಆ ವರ್ಷ ಪೂರ್ತಿ ನನಗೆ ಒಂದು ಸೀನೂ ಬಂದಿರಲಿಲ್ಲ.